ಮಂಡಿ ಬಿಲ್ಲಿಂಗ್ ಸಾಫ್ಟ್‌ವೇರ್ ಜೊತೆ ಯಾವ ಎಸ್‌ಕ್ಯುಎಲ್ ಸರ್ವರ್ ಎಡಿಷನ್ ಕೊಡಬೇಕು?

ನಿಮ್ಮ ಪ್ರಶ್ನೆ ಇಷ್ಟು: ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಗಳಿಗೆ ಸಿ ಶಾರ್ಪ್‌ನಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದಿದ್ದೀರಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿರೋದು ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್ ಎಸ್‌ಕ್ಯುಎಲ್ ಸರ್ವರ್, 2022ರ ವರ್ಷನ್, ಡೆವಲಪರ್ ಎಡಿಷನ್. ಮಂಡಿಗಳಿಗೂ ಅದನ್ನೇ ಹಾಕಬಹುದಾ, ಅದರ ಚಿಕ್ಕ ಎಡಿಷನ್ ಎಕ್ಸ್‌ಪ್ರೆಸ್ ಆದರೆ 10 ಜಿಬಿ ಮಿತಿ ಸಾಕಾಗುತ್ತಾ, ಎಕ್ಸ್‌ಪ್ರೆಸ್‌ನದೇ ಪುಟ್ಟ ರೂಪವಾದ ಲೋಕಲ್‌ಡಿಬಿ ನಡೆಯುತ್ತಾ ಅಂತ ಕೇಳಿದ್ದೀರಿ.

ಡೆವಲಪರ್ ಎಡಿಷನ್ ಹಾಕುವಂತಿಲ್ಲ. 2016ರಿಂದ ಅದು ಉಚಿತ, ಎಲ್ಲಕ್ಕಿಂತ ದೊಡ್ಡ ಎಡಿಷನ್ನಾದ ಎಂಟರ್‌ಪ್ರೈಸ್‌ನಲ್ಲಿರೋದೆಲ್ಲ ಅದರಲ್ಲೂ ಇದೆ, ನಿಜ. ಆದರೆ ಅದರ ಲೈಸೆನ್ಸ್ ಇರೋದು ಸಾಫ್ಟ್‌ವೇರ್ ಬರೆಯೋಕೆ, ಪರೀಕ್ಷೆ ಮಾಡೋಕೆ ಮಾತ್ರ. ಮಂಡಿಯಲ್ಲಿ ರೈತರಿಗೆ ನಿಜವಾದ ಪಟ್ಟಿ ಹರಿದುಕೊಡೋಕೆ ಶುರುವಾದ ದಿನವೇ ಅದು ಲೈಸೆನ್ಸ್ ಮೀರಿದ ಬಳಕೆ.

ಇನ್ನು ಎಕ್ಸ್‌ಪ್ರೆಸ್ಸೋ ಲೋಕಲ್‌ಡಿಬಿಯೋ ಅನ್ನೋದು. ಎಲ್ಲರೂ ಮೊದಲು ಜಿಬಿ ಲೆಕ್ಕ ಕೇಳ್ತಾರೆ. ನಾನು ಮೊದಲು ಕೇಳೋದು ಒಂದೇ: ಒಂದು ಮಂಡಿಯಲ್ಲಿ ಎಷ್ಟು ಕಂಪ್ಯೂಟರ್ ಆ ಡೇಟಾಬೇಸ್ ಮುಟ್ಟುತ್ತವೆ?

ಒಂದೇ ಕಂಪ್ಯೂಟರ್ ಆದರೆ ಎಸ್‌ಕ್ಯುಎಲ್ ಸರ್ವರ್ರೇ ಬೇಡ, ಎಸ್‌ಕ್ಯುಎಲೈಟ್ ಅನ್ನೋ ಪುಟ್ಟ ಡೇಟಾಬೇಸ್ ಸಾಕು. ಒಂದು ಡಿಎಲ್‌ಎಲ್, ಒಂದು ಡೇಟಾ ಫೈಲು, ಇನ್‌ಸ್ಟಾಲ್ ಮಾಡೋಕೆ ಸರ್ವಿಸ್ಸೇ ಇಲ್ಲ, ಪಬ್ಲಿಕ್ ಡೊಮೇನ್ ಆದ್ದರಿಂದ ಲೈಸೆನ್ಸ್ ಚಿಂತೆಯೂ ಇಲ್ಲ. ಆದರೆ ಆ ಫೈಲನ್ನು ಶೇರ್ಡ್ ಫೋಲ್ಡರ್‌ನಲ್ಲಿಟ್ಟು ಎರಡು ಕಂಪ್ಯೂಟರ್‌ನಿಂದ ತೆರೆಯೋ ಕೆಲಸ ಮಾತ್ರ ಮಾಡಬೇಡಿ. ನೆಟ್‌ವರ್ಕ್ ಮೇಲೆ ಫೈಲ್ ಲಾಕಿಂಗ್ ನಂಬೋ ಹಾಗಿರಲ್ಲ, ಫೈಲೇ ಕೆಡುತ್ತೆ.

ಲೋಕಲ್‌ಡಿಬಿ ನೋಡೋಕೆ ಚೆಂದ, ಆದರೆ ಗ್ರಾಹಕರಿಗೆ ಕೊಡೋಕೆ ನಾನಂತೂ ಹೇಳಲ್ಲ. ಹೊರಗಿನ ಕಂಪ್ಯೂಟರ್‌ನಿಂದ ಅದಕ್ಕೆ ಕನೆಕ್ಟ್ ಆಗೋಕೇ ಆಗಲ್ಲ. ಜೊತೆಗೆ ಅದು ಲಾಗಿನ್ ಆದ ವಿಂಡೋಸ್ ಯೂಸರ್ ಹೆಸರಲ್ಲಿ ಓಡುತ್ತೆ. ಬೆಳಗ್ಗೆ ಗುಮಾಸ್ತರು ಒಂದು ಲಾಗಿನ್, ಸಂಜೆ ಯಜಮಾನರು ಇನ್ನೊಂದು ಲಾಗಿನ್ ಬಳಸಿದರೆ ಇಬ್ಬರಿಗೂ ಬೇರೆ ಬೇರೆ ಇನ್‌ಸ್ಟೆನ್ಸ್, ಅಂದರೆ ಸರ್ವರಿನ ಬೇರೆ ಬೇರೆ ಪ್ರತಿ. ‘ಬೆಳಗಿನ ಪಟ್ಟಿಗಳೆಲ್ಲ ಮಾಯ’ ಅಂತ ಫೋನು ಬರುತ್ತೆ.

ತೂಕದ ಹತ್ತಿರ ಒಂದು, ಬಿಲ್ಲಿಗೆ ಒಂದು, ಕ್ಯಾಷಿಗೆ ಒಂದು ಅಂತ ಎರಡು ಮೂರು ಕಂಪ್ಯೂಟರ್ ಇರೋ ಮಂಡಿಗೆ ಎಕ್ಸ್‌ಪ್ರೆಸ್ಸೇ ಸರಿ. ಉಚಿತ, ನಿಮ್ಮ ಸಾಫ್ಟ್‌ವೇರ್ ಜೊತೆ ಹಂಚಲೂ ಅನುಮತಿ ಇದೆ. ಮಿತಿಗಳು: ಒಂದು ಡೇಟಾಬೇಸ್‌ಗೆ 10 ಜಿಬಿ, ಬಫರ್‌ಗೆ (ಓದಿದ ಡೇಟಾ ಇಟ್ಟುಕೊಳ್ಳೋ ಜಾಗ) 1410 ಎಂಬಿ ಮೆಮೊರಿ, ಒಂದು ಸಾಕೆಟ್ (ಪ್ರೊಸೆಸರ್) ಅಥವಾ 4 ಕೋರ್, ಎರಡರಲ್ಲಿ ಯಾವುದು ಕಡಿಮೆಯೋ ಅದು. 2025ರ ವರ್ಷನ್‌ನಲ್ಲಿ 10 ಜಿಬಿಯನ್ನು 50 ಜಿಬಿಗೆ ಏರಿಸಿದ್ದಾರೆ.

10 ಜಿಬಿ ಸಾಕಾ? ಸೀಸನ್ನು, ಅನ್‌ಸೀಸನ್ನು ಎಲ್ಲ ಸೇರಿಸಿ ದಿನಕ್ಕೆ ಸರಾಸರಿ 600 ಲಾಟು ಅಂತಲೇ ಇಟ್ಟುಕೊಳ್ಳಿ. ಒಂದು ಲಾಟಿಗೆ ರೈತರ ಹೆಸರು, 15 ಕೆಜಿ ಬಾಕ್ಸಿನ ಲೆಕ್ಕ, ದರ, ಕಮಿಷನ್, ಹಮಾಲಿ ಎಲ್ಲ ಸೇರಿ ಇಂಡೆಕ್ಸ್ ಸಮೇತ 600 ಬೈಟ್. ವರ್ಷಕ್ಕೆ 2,19,000 ಸಾಲು, ಸುಮಾರು 131 ಎಂಬಿ. ಎಪ್ಪತ್ತು ವರ್ಷಕ್ಕೂ ತುಂಬಲ್ಲ. ಆದರೆ ಪ್ರತಿ ಲಾಟಿಗೂ 200 ಕೆಬಿಯ ಒಂದು ಫೋಟೊ ತೆಗೆದು ಟೇಬಲ್‌ನೊಳಗೇ ಸೇರಿಸಿದಿರೋ, ದಿನಕ್ಕೆ 117 ಎಂಬಿ. ಮೂರು ತಿಂಗಳಾಗೋದರೊಳಗೆ 1827ನೇ ನಂಬರಿನ ಎರರ್ ಬಂದು ಬಿಲ್ಲಿಂಗ್ ನಿಲ್ಲುತ್ತೆ. ಫೋಟೊ, ಪಿಡಿಎಫ್ ಎಲ್ಲ ಫೋಲ್ಡರ್‌ನಲ್ಲಿರಲಿ, ಟೇಬಲ್‌ನಲ್ಲಿ ಬರೀ ಫೈಲಿನ ದಾರಿ ಇರಲಿ.

ಎಡಿಷನ್‌ಗಿಂತ ಹೆಚ್ಚು ಜನ ಎಡವೋದು ವರ್ಷನ್‌ನಲ್ಲಿ. 2022ರಲ್ಲಿ ತೆಗೆದ ಬ್ಯಾಕಪ್ 2019ರಲ್ಲಿ ರಿಸ್ಟೋರ್ ಆಗಲ್ಲ, ಯಾವ ಸೆಟ್ಟಿಂಗ್ ಬದಲಾಯಿಸಿದರೂ ಆಗಲ್ಲ. ಕಂಪ್ಯಾಟಿಬಿಲಿಟಿ ಲೆವೆಲ್ ಇಳಿಸೋದು ಕ್ವೆರಿಯ ನಡವಳಿಕೆಗೆ ಮಾತ್ರ. ಫೈಲಿನ ರೂಪ ಹಾಗೇ ಇರುತ್ತೆ. ಮಂಡಿಯ ಕಂಪ್ಯೂಟರ್‌ಗಳಲ್ಲಿ ಇನ್ನೂ ವಿಂಡೋಸ್ 7 ಇದ್ದರೆ 2014ರ ಆಚೆಗಿನ ಯಾವುದೂ ಅದರಲ್ಲಿ ಕೂರಲ್ಲ, 32 ಬಿಟ್ ಆದರೂ ಅಷ್ಟೇ. ಆ 2014ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2024ರ ಜುಲೈಗೇ ಮುಗಿದಿದೆ. ಹಳೇ ಕಂಪ್ಯೂಟರ್ ಬದಲಾಯಿಸಿ ಅಂತ ಹೇಳೋದೇ ಒಳ್ಳೇದು. ಮಿಕ್ಕವರಿಗೆಲ್ಲ ಒಂದೇ ವರ್ಷನ್ ಹಾಕಿ, ಅದೇ ವರ್ಷನ್ನಿನ ಎಕ್ಸ್‌ಪ್ರೆಸ್ಸನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಡೆವಲಪರ್ ಪಕ್ಕದಲ್ಲೇ ಇನ್ನೊಂದು ಇನ್‌ಸ್ಟೆನ್ಸಾಗಿ ಹಾಕಿಕೊಂಡು, ಕೊನೆಯ ಪರೀಕ್ಷೆಯನ್ನೆಲ್ಲ ಅದರಲ್ಲೇ ಮಾಡಿ. ಡೆವಲಪರ್‌ನಲ್ಲಿ ಕಣ್ಣಿಗೆ ಬೀಳದ್ದು ಅಲ್ಲಿ ಬೀಳುತ್ತೆ: ಎಕ್ಸ್‌ಪ್ರೆಸ್‌ನಲ್ಲಿ ಹೇಳಿದ ಹೊತ್ತಿಗೆ ತಾನಾಗಿ ಕೆಲಸ ಓಡಿಸೋ ಏಜೆಂಟ್ ಇಲ್ಲ, ಬ್ಯಾಕಪ್ ಕಂಪ್ರೆಷನ್ ಇಲ್ಲ, ಇಡೀ ಡೇಟಾಬೇಸ್ ಎನ್‌ಕ್ರಿಪ್ಷನ್ ಇಲ್ಲ.

ಡೇಟಾಬೇಸನ್ನು ಗ್ರಾಹಕರಲ್ಲಿ ಹೇಗೆ ಕೂರಿಸ್ತೀರಿ ಅನ್ನೋದರಲ್ಲೂ ಒಂದು ತಿರುವಿದೆ. ಡೆವಲಪರ್‌ನಲ್ಲಿ ಹೊಸ ಡೇಟಾಬೇಸ್ ಫುಲ್ ರಿಕವರಿ ಮಾಡೆಲ್‌ನಲ್ಲಿ ಹುಟ್ಟುತ್ತೆ, ಅಂದರೆ ಬದಲಾವಣೆಗಳ ದಾಖಲೆಯನ್ನು (ಲಾಗ್) ಅದರ ಬ್ಯಾಕಪ್ ತೆಗೆಯೋವರೆಗೂ ಉಳಿಸಿಕೊಳ್ಳುತ್ತೆ. ಅದರ ಬ್ಯಾಕಪ್ ತಂದು ಎಕ್ಸ್‌ಪ್ರೆಸ್‌ನಲ್ಲಿ ರಿಸ್ಟೋರ್ ಮಾಡಿದರೆ ಆ ಸೆಟ್ಟಿಂಗೂ ಜೊತೆಗೇ ಬರುತ್ತೆ. ಲಾಗ್ ಬ್ಯಾಕಪ್ ತೆಗೆಯೋರು ಯಾರೂ ಇರಲ್ಲ, ಲಾಗ್ ಫೈಲು 10 ಜಿಬಿ ಲೆಕ್ಕಕ್ಕೂ ಬರಲ್ಲ, ಹೀಗೇ ಬೆಳೆದು ಬೆಳೆದು ಸಿ ಡ್ರೈವ್ ತುಂಬಿಸುತ್ತೆ. ರಿಕವರಿ ಮಾಡೆಲನ್ನು ಸಿಂಪಲ್‌ಗೆ ಬದಲಾಯಿಸಿ. ಅದರ ಬದಲು ಎಕ್ಸ್‌ಪ್ರೆಸ್‌ನಲ್ಲೇ ಸ್ಕ್ರಿಪ್ಟ್ ಓಡಿಸಿ ಸೃಷ್ಟಿಸಿದರೆ ಆಟೊ ಕ್ಲೋಸ್ ಆನ್ ಆಗಿರುತ್ತೆ. ಕೊನೆಯ ಕನೆಕ್ಷನ್ ಮುಚ್ಚಿದ ತಕ್ಷಣ ಡೇಟಾಬೇಸ್ ಮಲಗಿ, ಮುಂದಿನ ಬಿಲ್ಲು ತೆರೆಯುವಾಗ ತಡ ಆಗುತ್ತೆ. ಅದನ್ನು ಆಫ್ ಮಾಡಿ.

ಎರಡನೇ ಕಂಪ್ಯೂಟರ್‌ನಿಂದ ಕನೆಕ್ಟ್ ಆಗ್ತಿಲ್ಲ ಅನ್ನೋದು ಖಂಡಿತ ಬರೋ ದೂರು. ಎಕ್ಸ್‌ಪ್ರೆಸ್‌ನಲ್ಲಿ ಟಿಸಿಪಿ/ಐಪಿ ಮೊದಲಿಗೆ ಮುಚ್ಚೇ ಇರುತ್ತೆ, ಪೋರ್ಟೂ ಪ್ರತಿ ಸಲ ಬದಲಾಗಬಹುದು. ಕಾನ್ಫಿಗರೇಷನ್ ಮ್ಯಾನೇಜರ್ ತೆರೆದು ಟಿಸಿಪಿ/ಐಪಿ ಎನೇಬಲ್ ಮಾಡಿ. ‘ಐಪಿ ಆಲ್’ ಕೆಳಗೆ ಡೈನಾಮಿಕ್ ಪೋರ್ಟ್ ಖಾಲಿ ಬಿಟ್ಟು ಟಿಸಿಪಿ ಪೋರ್ಟ್‌ಗೆ 1433 ಹಾಕಿ. ಸರ್ವಿಸ್ ರೀಸ್ಟಾರ್ಟ್ ಮಾಡಿ. ಫೈರ್‌ವಾಲ್‌ನಲ್ಲಿ 1433 ಬಿಡಿ. ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಕಂಪ್ಯೂಟರ್ ಹೆಸರು, ಅಲ್ಪವಿರಾಮ, 1433 ಅಂತ ಕೊಟ್ಟರೆ ಪೋರ್ಟ್ ಹುಡುಕಿಕೊಡೋ ಎಸ್‌ಕ್ಯುಎಲ್ ಸರ್ವರ್ ಬ್ರೌಸರ್ ಸರ್ವಿಸ್ಸಿನ ಹಂಗೇ ಬೇಕಾಗಲ್ಲ.

ಏಜೆಂಟ್ ಇಲ್ಲದ ಕಾರಣ ಬ್ಯಾಕಪ್‌ಗೆ ವಿಂಡೋಸ್ ಟಾಸ್ಕ್ ಶೆಡ್ಯೂಲರ್‌ನಿಂದ ಎಸ್‌ಕ್ಯುಎಲ್‌ಸಿಎಂಡಿ ಅನ್ನೋ ಕಮಾಂಡ್ ಲೈನ್ ಟೂಲ್ ಓಡಿಸಿ. ಬ್ಯಾಕಪ್ ಬರೆಯೋದು ನೀವಲ್ಲ, ಎಸ್‌ಕ್ಯುಎಲ್ ಸರ್ವರ್ ಸರ್ವಿಸ್ಸಿನ ಅಕೌಂಟು. ಆ ಅಕೌಂಟಿಗೆ ಫೋಲ್ಡರ್ ಅನುಮತಿ ಇಲ್ಲದಿದ್ದರೆ ‘ಆಪರೇಟಿಂಗ್ ಸಿಸ್ಟಮ್ ಎರರ್ 5’ ಬರುತ್ತೆ. ಡೆಸ್ಕ್‌ಟಾಪ್‌ಗೆ ಬ್ಯಾಕಪ್ ತೆಗೆಯೋಕೆ ಹೋದವರಿಗೆಲ್ಲ ಇದೇ ಗತಿ. ಬ್ಯಾಕಪ್‌ಗೆ ಅಂತಲೇ ಒಂದು ಫೋಲ್ಡರ್ ಮಾಡಿ, ಅನುಮತಿ ಕೊಟ್ಟು, ಅಲ್ಲಿಂದ ಪೆನ್‌ಡ್ರೈವ್‌ಗೆ ಕಾಪಿ ಮಾಡಿಸಿ. ಡೇಟಾಬೇಸಿನ ಎಂಡಿಎಫ್ ಫೈಲನ್ನೇ ನೇರವಾಗಿ ಕಾಪಿ ಮಾಡೋಕೆ ಸರ್ವಿಸ್ ಓಡುತ್ತಿರುವಾಗ ಆಗಲ್ಲ.

ರೈತರ ಹೆಸರು ಕನ್ನಡದಲ್ಲಿ ಇಡ್ತೀರಲ್ಲ, ಆ ಕಾಲಮ್ ಯುನಿಕೋಡ್ ಹಿಡಿಸೋ ಎನ್‌ವಾರ್‌ಚಾರ್ ಆಗಿರಲಿ. ಬರೀ ವಾರ್‌ಚಾರ್ ಆದರೆ, ಅಥವಾ ಕ್ವೆರಿಯಲ್ಲಿ ಉದ್ಧರಣ ಚಿಹ್ನೆಯ ಮುಂದೆ ‘ಎನ್’ ಮರೆತರೆ, ‘ಮುನಿಯಪ್ಪ’ ಹೋಗಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ ಕೂರುತ್ತೆ. ಆಮೇಲೆ ವಾಪಸ್ ತರೋಕೆ ದಾರಿಯಿಲ್ಲ. 2019ರ ವರ್ಷನ್ನಿಂದ ವಾರ್‌ಚಾರ್‌ನಲ್ಲೇ ಯುನಿಕೋಡ್ ಇಡೋ ಯುಟಿಎಫ್-8 ಕೊಲೇಷನ್ ಇದೆ, ಜಾಗ ಉಳಿಯುತ್ತೆ ಅಂತ ಯಾರಾದರೂ ಹೇಳಿದರೆ ಅದು ಇಂಗ್ಲಿಷಿಗೆ ಸರಿ. ಕನ್ನಡದ ಒಂದೊಂದು ಕೋಡಿಗೂ ಅಲ್ಲಿ 3 ಬೈಟ್, ಎನ್‌ವಾರ್‌ಚಾರ್‌ನಲ್ಲಿ 2.

ಕೊನೆಗೆ, ಹೊಸ ವಿಂಡೋಸ್ 11 ಕಂಪ್ಯೂಟರ್‌ನಲ್ಲಿ ಇನ್‌ಸ್ಟಾಲ್ ಕೊನೆಯ ಹಂತದಲ್ಲಿ ಫೇಲ್ ಆದರೆ ನಿಮ್ಮ ಇನ್‌ಸ್ಟಾಲರನ್ನು ಬೈಯೋ ಮುಂಚೆ ಡಿಸ್ಕ್ ನೋಡಿ. ಕೆಲವು ಎನ್‌ವಿಎಂಇ ಡಿಸ್ಕ್‌ಗಳು (ವೇಗದ ಎಸ್‌ಎಸ್‌ಡಿಗಳು) ಸೆಕ್ಟರ್ ಗಾತ್ರ 4 ಕೆಬಿಗಿಂತ ಹೆಚ್ಚು ಅಂತ ತೋರಿಸ್ತವೆ, ಆಗ ಎಸ್‌ಕ್ಯುಎಲ್ ಸರ್ವರ್ ಶುರುವೇ ಆಗಲ್ಲ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ವಿಂಡೋಸ್‌ನದೇ ಎಫ್‌ಎಸ್‌ಯುಟಿಲ್ ಕಮಾಂಡಿನಲ್ಲಿ ಸೆಕ್ಟರ್ ಮಾಹಿತಿ ನೋಡಿದರೆ ಗೊತ್ತಾಗುತ್ತೆ. ಸ್ಟೋರ್‌ಎನ್‌ವಿಎಂಇ ಡ್ರೈವರಿನ ರಿಜಿಸ್ಟ್ರಿಯಲ್ಲಿ ಭೌತಿಕ ಸೆಕ್ಟರ್ ಗಾತ್ರವನ್ನು 4095 ಅಂತ ಕಟ್ಟಿಹಾಕೋ ಕೀ ಒಂದಿದೆ, ಮೈಕ್ರೋಸಾಫ್ಟ್ ತಾನೇ ಹೇಳಿದ ಪರಿಹಾರ ಅದು. ಅದನ್ನು ಹಾಕಿ ರೀಬೂಟ್ ಮಾಡಿ, ಅರ್ಧಕ್ಕೆ ನಿಂತ ಇನ್‌ಸ್ಟೆನ್ಸನ್ನು ಪೂರ್ತಿ ತೆಗೆದುಹಾಕಿ, ಆಮೇಲೆ ಹೊಸದಾಗಿ ಇನ್‌ಸ್ಟಾಲ್ ಮಾಡಿ.