ಪ್ರತಿಕ್ರಿಯೆ: ಅಡಾಪ್ಟರ್ ಲೈಟ್ ಉರಿಯುತ್ತದೆ, ಒಳಬರುವ ಕರೆ ಮಾತ್ರ ಬರಲ್ಲ

ಮಾಮೂಲಿ ಫೋನನ್ನು ಇಂಟರ್ನೆಟ್‌ಗೆ ಸೇರಿಸುವ ಅಡಾಪ್ಟರ್‌ನಿಂದ ನೀವು ಕರೆ ಮಾಡಿದರೆ ಆ ಕಡೆಯ ಮಾತು ಕೇಳಿಸಲ್ಲ, ಸ್ವಲ್ಪ ಹೊತ್ತು ಬಿಟ್ಟರೆ ಒಳಬರುವ ಕರೆಗೆ ರಿಂಗೇ ಆಗಲ್ಲ ಅಂದಿದ್ದೀರಿ. ಅಡಾಪ್ಟರ್ ಕೆಟ್ಟಿರಲಿಕ್ಕಿಲ್ಲ. ಬಹುಶಃ ರೌಟರ್‌ನ ‘ಸಿಪ್ ಎಎಲ್‌ಜಿ’ (SIP ALG, ಇಂಟರ್ನೆಟ್ ಕರೆಯ ಸಂದೇಶಗಳನ್ನು ತಿದ್ದಿ ಕಳಿಸುವ ಸೆಟ್ಟಿಂಗ್) ಕಿತಾಪತಿ.

ಮೊದಲು ಅದನ್ನು ಆಫ್ ಮಾಡಿ. ಸಾಮಾನ್ಯವಾಗಿ ರೌಟರ್ ಸೆಟ್ಟಿಂಗ್‌ಗಳ ಫೈರ್‌ವಾಲ್ ಅಥವಾ ನ್ಯಾಟ್ (NAT, ಮನೆಯ ಸಾಧನಗಳೆಲ್ಲ ಒಂದೇ ಇಂಟರ್ನೆಟ್ ವಿಳಾಸ ಹಂಚಿಕೊಳ್ಳುವ ವ್ಯವಸ್ಥೆ) ಪುಟದಲ್ಲಿರುತ್ತದೆ, ಮಾಡೆಲ್ ಹೇಳದೆ ಇನ್ನೂ ನಿಖರವಾಗಿ ಹೇಳಲಾಗಲ್ಲ. ಕರೆಗೆ ಸಹಾಯ ಮಾಡಲೆಂದೇ ಇಟ್ಟ ಸೌಲಭ್ಯ ಅದು. ಆದರೆ ಕರೆಯ ಡೇಟಾ ಪ್ಯಾಕೆಟ್ ಒಳಗಿನ ವಿಳಾಸ ತಿದ್ದಲು ಹೋಗಿ ಕೆಡಿಸುವುದೇ ಜಾಸ್ತಿ. ರೌಟರ್ ರೀಸ್ಟಾರ್ಟ್ ಮಾಡಿ, ಅದು ಪೂರ್ತಿ ಮೇಲೆದ್ದ ನಂತರ ಅಡಾಪ್ಟರ್ ರೀಸ್ಟಾರ್ಟ್ ಮಾಡಿ.

ಆಮೇಲೆ ಬ್ರೌಸರ್‌ನಲ್ಲಿ ಅಡಾಪ್ಟರ್‌ನ ಐಪಿ ವಿಳಾಸ ಹಾಕಿ ಅದರ ಸೆಟ್ಟಿಂಗ್ ಪುಟ ತೆರೆಯಿರಿ. ಅದರ ಐಪಿ ಗೊತ್ತಿಲ್ಲದಿದ್ದರೆ ಅದಕ್ಕೆ ಸಿಕ್ಕಿಸಿದ ಫೋನಿನಿಂದಲೇ ಕೇಳಬಹುದು: ಗ್ರ್ಯಾಂಡ್‌ಸ್ಟ್ರೀಮ್ ಆದರೆ *** ಒತ್ತಿ 02, ಹಳೆಯ ಲಿಂಕ್‌ಸಿಸ್ ಆದರೆ  **** ಒತ್ತಿ 110#. ಆ ಪುಟದಲ್ಲಿ ನ್ಯಾಟ್ ಕೀಪ್-ಅಲೈವ್ (ಸಂಪರ್ಕ ಜೀವಂತವಾಗಿಡಲು ಆಗಾಗ ಸಣ್ಣ ಸಂದೇಶ ಕಳಿಸುವುದು) ಆನ್ ಮಾಡಿ 20 ಸೆಕೆಂಡ್ ಇಡಿ. ಇಂಟರ್ನೆಟ್ ಕರೆಗಳು ಸಾಮಾನ್ಯವಾಗಿ ಬಳಸುವ ಯುಡಿಪಿ ಸಂಪರ್ಕ ಸುಮ್ಮನಿದ್ದರೆ ಅದನ್ನು ಕೆಲವು ರೌಟರ್‌ಗಳು ಅರ್ಧ ನಿಮಿಷಕ್ಕೇ ಮರೆತುಬಿಡುತ್ತವೆ. ರಿಂಗ್ ಆಗದಿರುವುದು ಅದಕ್ಕೇ.

ಇನ್ನೂ ಮಾತು ಕೇಳಿಸದಿದ್ದರೆ ರೌಟರ್‌ನ ವ್ಯಾನ್ ಐಪಿ (WAN, ಇಂಟರ್ನೆಟ್ ಕಡೆಯ ವಿಳಾಸ) ನೋಡಿ. 192.168 ಅಥವಾ 10ರಿಂದ ಶುರುವಾದರೆ ಮುಂದಿನ ಮೋಡೆಮ್ ಕೂಡ ರೌಟರ್ ಆಗಿ ಕೆಲಸ ಮಾಡುತ್ತಿರಬಹುದು. ಆ ಮೋಡೆಮ್ ಅನ್ನು ಬ್ರಿಜ್ ಮೋಡ್‌ಗೆ (ರೌಟರ್ ಕೆಲಸ ಬಿಟ್ಟು ಬರೀ ಮೋಡೆಮ್ ಆಗಿರುವ ಮೋಡ್) ಹಾಕಿ. ಆಗದಿದ್ದರೆ ಅದರಲ್ಲೂ ಸಿಪ್ ಎಎಲ್‌ಜಿ ಆಫ್ ಮಾಡಿ.

ಇಂಟರ್ನೆಟ್ ಕರೆಗೆ ಸಾಮಾನ್ಯವಾಗಿ ಬಳಸುವ 5060 ಪೋರ್ಟನ್ನು ಮಾತ್ರ ರೌಟರ್‌ನಲ್ಲಿ ಫಾರ್ವರ್ಡ್ ಮಾಡಬೇಡಿ, ಅಂದರೆ ಹೊರಗಿನವರಿಗೆ ತೆರೆಯಬೇಡಿ. ಅದನ್ನೇ ಹುಡುಕುವ ಬಾಟ್‌ಗಳಿವೆ, ಮಧ್ಯರಾತ್ರಿ ಫೋನ್ ಬಡಿದುಕೊಳ್ಳುತ್ತದೆ.