ಒಬ್ಬರೇ ಎಂಪಿ ಇದ್ದ ಪಾರ್ಟಿ

ನಿಮ್ಮ ಪತ್ರ ಓದಿ ಮೊದಲು ಸ್ವಲ್ಪ ಸಿಟ್ಟು ಬಂತು, ಆಮೇಲೆ ನೀವು ಹೇಳಿದ್ದರಲ್ಲಿ ಅರ್ಧ ಸರಿ ಅನ್ನಿಸಿತು. ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರ ಆಳ್ವಿಕೆ ಇದ್ದ ಕಾಲದಲ್ಲಿ ವರ್ಣಭೇದ ನೀತಿಯನ್ನು ವಿರೋಧಿಸಿದ ಪ್ರೋಗ್ರೆಸ್ಸಿವ್ ಪಾರ್ಟಿ ಬಗ್ಗೆ ನಾವು ಬರೆದದ್ದಕ್ಕೆ, 'ಬಿಳಿಯರೇ ಕಟ್ಟಿ ಬಿಳಿಯರೇ ಓಟು ಹಾಕಿದ ಪಾರ್ಟಿಯನ್ನ ಸುಮ್ನೆ ಯಾಕೆ ಹೊಗಳ್ತೀರಿ?' ಅಂತ ಕೇಳಿದ್ದೀರಿ.

ಪಾರ್ಟಿ ಹುಟ್ಟಿದ್ದು 1959ರಲ್ಲಿ, ಯುನೈಟೆಡ್ ಪಾರ್ಟಿ ಒಡೆದು. 1961ರ ಚುನಾವಣೆಯಲ್ಲಿ ನಾಯಕ ಯಾನ್ ಸ್ಟೇಟ್ಲರ್ ಸೇರಿ ಎಲ್ಲರೂ ಸೋತರು. ಗೆದ್ದವರು ಜೋಹಾನ್ಸ್‌ಬರ್ಗ್‌ನ ಹೌಟನ್ ಕ್ಷೇತ್ರದ ಹೆಲೆನ್ ಸುಜ್ಮನ್ ಒಬ್ಬರೇ. ಮುಂದೆ 13 ವರ್ಷ ಇಡೀ ಪಾರ್ಟಿ ಅಂದ್ರೆ ಸಂಸತ್ತಿನಲ್ಲಿ ಆ ಒಂದು ಕುರ್ಚಿ. 1963ರಲ್ಲಿ ಯಾರನ್ನು ಬೇಕಾದರೂ ವಿಚಾರಣೆ ಇಲ್ಲದೆ 90 ದಿನ ಕೂಡಿಹಾಕಬಹುದು ಅನ್ನೋ ಕಾನೂನು ಬಂದಾಗ, ವಿರೋಧ ಪಕ್ಷ ಅನ್ನಿಸಿಕೊಂಡಿದ್ದ ಯುನೈಟೆಡ್ ಪಾರ್ಟಿಯೂ ಸರ್ಕಾರದ ಜೊತೆ ಹೋಯಿತು. ಬೇಡ ಅಂದ ಓಟು ಒಂದೇ, ಸುಜ್ಮನ್ ಅವರದ್ದು.

ಈಗ ನೀವು ಹೇಳಿದ್ದರಲ್ಲಿ ಸರಿ ಇರುವ ಅರ್ಧ. ಕಪ್ಪು ಜನರಲ್ಲಿ ಇಂತಿಷ್ಟು ಓದು, ಆಸ್ತಿ ಅಥವಾ ಆದಾಯ ಇದ್ದವರಿಗಷ್ಟೇ ಓಟು ಅಂತಿತ್ತು ಪ್ರೋಗ್ರೆಸ್ಸಿವ್ ಪಾರ್ಟಿಯ ನೀತಿ. ಅದಕ್ಕಿಂತ ನನಗೆ ಜಾಸ್ತಿ ಚುಚ್ಚುವುದು 1968. ಬೇರೆ ಬೇರೆ ಜನಾಂಗದವರು ಒಂದೇ ಪಾರ್ಟಿಯಲ್ಲಿ ಇರಬಾರದು ಅಂತ ಕಾನೂನಾಯಿತು. 1953ರಿಂದ ಎಲ್ಲ ಜನಾಂಗದವರನ್ನೂ ಸೇರಿಸಿಕೊಂಡಿದ್ದ, ಲೇಖಕ ಅಲನ್ ಪೇಟನ್ ಅವರ ಲಿಬರಲ್ ಪಾರ್ಟಿ, ಆ ಷರತ್ತಿಗೆ ಬಗ್ಗೋದಿಲ್ಲ ಅಂತ ಬಾಗಿಲು ಹಾಕಿಕೊಂಡಿತು. ಪ್ರೋಗ್ರೆಸ್ಸಿವ್ ಪಾರ್ಟಿ ಆ ಷರತ್ತಿಗೆ ಬಗ್ಗಿ, ಬರೀ ಬಿಳಿಯರ ಪಾರ್ಟಿಯಾಗಿ ಉಳಿದುಕೊಂಡಿತು. ಮಾನ ಉಳಿಸಿಕೊಂಡಿದ್ದು ಪೇಟನ್ ಪಾರ್ಟಿ, ಕುರ್ಚಿ ಉಳಿಸಿಕೊಂಡಿದ್ದು ಸುಜ್ಮನ್ ಪಾರ್ಟಿ ಅಂತ ಹೇಳಿಬಿಡಬಹುದು, ಅಲ್ವಾ? ಆದರೆ ಆ ಕುರ್ಚಿಯಿಂದ ಏನಾಗುತ್ತಿತ್ತು ಅನ್ನೋದನ್ನೂ ನೋಡಿ.

1967ರಲ್ಲಿ ಸುಜ್ಮನ್ ರಾಬೆನ್ ದ್ವೀಪದ ಜೈಲಿಗೆ ಹೋದರು. ಎಂಪಿ ಆಗಿದ್ದರಿಂದಲೇ ಒಳಗೆ ಬಿಟ್ಟದ್ದು. ಅಲ್ಲಿ ಎಡ್ಡಿ ಡೇನಿಯಲ್ಸ್ ಅನ್ನೋ ಕೈದಿ, ನಮ್ಮ ಹತ್ತಿರ ಮಾತಾಡಿ ಟೈಮ್ ಹಾಳು ಮಾಡಬೇಡಿ, ಸೆಲ್‌ಗಳ ಸಾಲಿನ ಕೊನೆಗೆ ಹೋಗಿ ಮಂಡೇಲಾರನ್ನು ನೋಡಿ ಅಂದರು. ಡೇನಿಯಲ್ಸ್ ಯಾರು ಗೊತ್ತಾ? ಅದೇ ಲಿಬರಲ್ ಪಾರ್ಟಿಯವರು, 15 ವರ್ಷದ ಶಿಕ್ಷೆಯಲ್ಲಿದ್ದವರು. ಮಂಡೇಲಾ ಊಟ, ಬಟ್ಟೆ, ಕೆಲಸದ ಕಷ್ಟ ಎಲ್ಲ ಹೇಳಿ, ಕೈ ಮೇಲೆ ನಾಜಿಗಳ ಸ್ವಸ್ತಿಕದ ಹಚ್ಚೆ ಹಾಕಿಸಿಕೊಂಡು ಕೈದಿಗಳನ್ನು ಗೋಳುಹುಯ್ದುಕೊಳ್ಳುತ್ತಿದ್ದ ಒಬ್ಬ ವಾರ್ಡರ್ ಬಗ್ಗೆಯೂ ಹೇಳಿದರು. ಜೈಲಿನ ಅಧಿಕಾರಿಗಳು ಪಕ್ಕದಲ್ಲೇ ನಿಂತಿದ್ದರು.

ಸುಜ್ಮನ್ ಈ ದೂರಿನ ಬೆನ್ನುಬಿದ್ದರು. ಸ್ವಲ್ಪ ದಿನಕ್ಕೆ ಆ ವಾರ್ಡರ್ ಅಲ್ಲಿಂದ ಎತ್ತಂಗಡಿ ಆದ.