ಆಡಿಸ್ತೀಯ, ಆಡಲ್ಲ

ಗೋಡೆಗೆ ಅಂಟಿಸಿದ ವೇಳಾಪಟ್ಟಿಯ ಫೋಟೋ ಹಿಡಿದು ನನ್ನ ಹತ್ತಿರ ಸಲಹೆಗೆ ಬರುವ ತಾಯಂದಿರು ಈಚೆಗೆ ಜಾಸ್ತಿಯಾಗಿದ್ದಾರೆ. ಒಂಬತ್ತಕ್ಕೆ ಮರಳಿನ ತಟ್ಟೆ, ಒಂಬತ್ತು ಇಪ್ಪತ್ತಕ್ಕೆ ಮಣಿ ಪೋಣಿಸುವುದು, ಒಂಬತ್ತು ನಲವತ್ತಕ್ಕೆ ಜೇಡಿಮಣ್ಣು. ಮಗುವಿಗೆ ಆಟಿಸಂ ಇದೆ ಅಂತ ಗೊತ್ತಾದ ಮೇಲೆ ಮನೆಯೇ ಒಂದು ಶಾಲೆ ಆಗಿಬಿಡುತ್ತದೆ. ಶನಿವಾರ ಭಾನುವಾರದ ರಜೆಯೂ ಇಲ್ಲದ ಶಾಲೆ. ಅಂಥ ಒಂದು ಮನೆಯ ವಿಷಯ ಇದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹುಡುಗನನ್ನು ಪುಟ್ಟ ಅನ್ನೋಣ.

ಪುಟ್ಟನಿಗೆ ಆಗ ನಾಲ್ಕು ದಾಟಿತ್ತು. ಬಿಡಿ ಬಿಡಿ ಪದ ಬರುತ್ತಿದ್ದವು. ಎರಡೂವರೆಯಲ್ಲೇ ತಾಯಿಗೆ ಅನುಮಾನ ಬಂದಿತ್ತು. "ಇವರಪ್ಪನೂ ಮಾತು ಕಲಿತಿದ್ದು ತಡವೇ" ಅಂತ ಮನೆಯವರು ಒಂದು ವರ್ಷ ಮುಂದೂಡಿದರು. ಆಮೇಲೆ ಪರೀಕ್ಷೆ, ವಾರಕ್ಕೊಮ್ಮೆ ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳಿಗೆ ಕೈ ಮೈ ಪಳಗಿಸುವ ತರಬೇತಿ), ಎರಡು ಸಲ ಸ್ಪೀಚ್ ಥೆರಪಿ. ತಾಯಿ ಕೆಲಸ ಬಿಟ್ಟರು. ಹುಡುಗನಿಗೆ ಅಂಟು ಅಂದರೆ ಆಗದು. ಕೈಗೆ ಬೆಲ್ಲ ತಗುಲಿದರೂ ಅಳು. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿ ಬಚ್ಚಲಿಗೆ ಓಡುತ್ತಿದ್ದ. ಅದೇ ಹುಡುಗ ರಾಗಿ ಚೀಲ ಬಿಚ್ಚಿದರೆ ಮೊಣಕೈವರೆಗೆ ಕೈ ಇಳಿಸಿಕೊಂಡು ಕೂತುಬಿಡುತ್ತಿದ್ದ. ಇದರಲ್ಲಿ ವಿಚಿತ್ರ ಏನೂ ಇಲ್ಲ. ಮುಟ್ಟಿದ್ದು, ಕೇಳಿದ್ದು, ಕಂಡದ್ದು ಕೆಲವು ಮಕ್ಕಳಿಗೆ ತೀರಾ ಜಾಸ್ತಿ ತಟ್ಟುತ್ತದೆ, ಕೆಲವರಿಗೆ ತೀರಾ ಕಡಿಮೆ. ಒಂದೇ ಮಗುವಿನಲ್ಲಿ ಎರಡೂ ಇರಬಹುದು. 2013ರಿಂದ ಆಟಿಸಂ ಗುರುತಿಸುವ ಅಮೆರಿಕದ ಮಾನದಂಡದಲ್ಲೂ ಇದು ಒಂದು ಲಕ್ಷಣವಾಗಿ ಸೇರಿದೆ.

ಆದರೆ ಆ ತಾಯಿ ನನ್ನ ಹತ್ತಿರ ಬಂದದ್ದು ತನ್ನ ನಿದ್ದೆಗಾಗಿ. "ರಾತ್ರಿ ಎರಡಕ್ಕೆ ಎಚ್ಚರ ಆಗುತ್ತೆ ಮೇಡಂ. ನಾಳೆ ಏನೇನು ಮಾಡಿಸಬೇಕು ಅಂತ ಲೆಕ್ಕ ಹಾಕ್ತಾ ಮಲಗಿರ್ತೀನಿ." ಯಾರೋ ಅವರಿಗೆ ಹೇಳಿದ್ದರು: ಐದು ವರ್ಷದೊಳಗೆ ಎಷ್ಟು ಮಾಡ್ತೀರೋ ಅಷ್ಟೇ. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಬೇಗ ಶುರು ಮಾಡಿದರೆ ಒಳ್ಳೆಯದು, ನಿಜ. ಹಾಗಂತ ಐದನೇ ಹುಟ್ಟುಹಬ್ಬದ ದಿನ ಯಾವ ಮಗುವಿನ ಕಲಿಕೆಗೂ ಬೀಗ ಬೀಳುವುದಿಲ್ಲ. ಹೆದರಿಸಿ ಕಳಿಸಿದರೆ ತಾಯಿ ಚುರುಕಾಗುತ್ತಾಳೆ ಅಂತ ಕೆಲವರ ಲೆಕ್ಕ. ಚುರುಕೂ ಆಗುತ್ತಾಳೆ. ಬೆಲೆ ತೆರುವುದು ಯಾರು?

ಮೂರನೇ ಭೇಟಿ. ಡಿಸೆಂಬರ್ ಕೊನೆ. ಆ ದಿನ ಅತ್ತೆಯೂ ಜೊತೆಗೆ ಬಂದಿದ್ದರು. ಕೈಚೀಲದಿಂದ ಒಂದು ದೊಡ್ಡ ಸ್ಟೀಲ್ ಡಬ್ಬಿ ತೆಗೆದರು. ಒಳಗೆ ನೆನೆಸಿದ ಅವರೆಕಾಳು. "ಸಂಜೆ ನೆಂಟರು ಬರ್ತಾರೆ ಕಣಮ್ಮ. ಸುಮ್ನೆ ಕೂತ್ಕೊಳೋ ಬದಲು ಹಿತಕಿಬಿಡ್ತೀನಿ" ಅಂದರು. ನನ್ನ ಕೋಣೆಯಲ್ಲಿ ಇಂಥದ್ದು ಹಿಂದೆ ಆಗಿರಲಿಲ್ಲ. ಬೇಡ ಅನ್ನಲು ಬಾಯಿ ಬರಲಿಲ್ಲ.

ಅವರೆ ಬೆಳೆಯದ ಸೀಮೆಯ ಓದುಗರಿಗೆ ಒಂದು ಮಾತು. ಹಸಿ ಅವರೆಕಾಳನ್ನು ನೀರಲ್ಲಿ ನೆನೆಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಹೊರಗೆ ಚಿಮ್ಮುತ್ತದೆ. ಅದೇ ಹಿತಕಿದ ಬೇಳೆ. ಹಳೇ ಮೈಸೂರು ಕಡೆ ಚಳಿಗಾಲದಲ್ಲಿ ಇದರ ಸಾರು ಮಾಡದ ಮನೆ ಕಡಿಮೆ. ಮೆಲ್ಲಗೆ ಒತ್ತಿದರೆ ಏನೂ ಆಗದು, ಜೋರಾಗಿ ಒತ್ತಿದರೆ ಬೇಳೆ ಜಜ್ಜಿಹೋಗುತ್ತದೆ. ಸರಿಯಾಗಿ ಒತ್ತಿದರೆ ಟಪ್. ಗುಂಡಿ ಹಾಕಿಕೊಳ್ಳಲು, ಮುಂದೆ ಪೆನ್ಸಿಲ್ ಹಿಡಿಯಲು ಬೇಕಾದ ಚಿವುಟುವ ಹಿಡಿತ ಇದೇ. ಎಷ್ಟು ಬಲ ಹಾಕಬೇಕು ಅಂತ ಬೆರಳಿಗೆ ಆ ಕ್ಷಣದಲ್ಲೇ ಗೊತ್ತಾಗುತ್ತದೆ. ಇದನ್ನೆಲ್ಲ ನಾನು ಆಮೇಲೆ ಯೋಚಿಸಿದ್ದು. ಆಗ ನಾನೂ ಸುಮ್ನೆ ನೋಡುತ್ತಿದ್ದೆ.

ಪುಟ್ಟ ಡಬ್ಬಿಯ ಮುಚ್ಚಳವನ್ನು ನೆಲದ ಮೇಲೆ ಗಿರಗಿರ ತಿರುಗಿಸುತ್ತಾ ಕೂತಿದ್ದ. ಒಂದು ಬೇಳೆ ಹಾರಿ ಬಂದು ನನ್ನ ಫೈಲಿಗೆ ಬಡಿಯಿತು. ಮುಚ್ಚಳ ನಿಂತಿತು. ಅವನು ತಲೆ ಎತ್ತಿದ. ಅಜ್ಜಿ ತಮ್ಮ ಪಾಡಿಗೆ ಇನ್ನೊಂದು ಹಿತಕಿದರು. ಅವನು ಎದ್ದು ಬಂದು ಅಜ್ಜಿಯ ಮಣಿಕಟ್ಟು ಹಿಡಿದು ಡಬ್ಬಿಯ ಕಡೆ ತಳ್ಳಿದ. ಬಾಯಲ್ಲಿ ಕೇಳುವ ಬದಲು ದೊಡ್ಡವರ ಕೈಯನ್ನೇ ತನ್ನ ಕೈ ಮಾಡಿಕೊಳ್ಳುವುದು ಈ ಮಕ್ಕಳಲ್ಲಿ ತುಂಬ ಕಾಣುತ್ತದೆ. ಅಜ್ಜಿ ಹಿತಕಿದರು. ನಕ್ಕ. ಮತ್ತೆ ತಳ್ಳಿದ. ಏಳೆಂಟು ಸಲ ಹೀಗೇ ಆಯಿತು. ಆಮೇಲೆ ತಾನೇ ಒಂದು ಕಾಳು ತೆಗೆದುಕೊಂಡ. ಜಾರಿತು. ಬೆರಳು ಒದ್ದೆ. ಈಗ ಅಳುತ್ತಾನೆ ಅಂದುಕೊಂಡೆ. ಅಜ್ಜಿಯ ಸೆರಗಿಗೆ ಕೈ ಒರೆಸಿಕೊಂಡು ಇನ್ನೊಂದು ತೆಗೆದುಕೊಂಡ. ನಾಲ್ಕನೆಯದೋ ಐದನೆಯದೋ ಟಪ್ ಅಂದಿತು.

ತಾಯಿ ಕುರ್ಚಿಯಿಂದ ಮುಂದಕ್ಕೆ ಬಾಗಿದರು. "ವೆರಿ ಗುಡ್ ಪುಟ್ಟಾ! ಎಷ್ಟಾಯ್ತು? ಒನ್... ಟೂ... ಹೇಳು. ಇದು ಯಾವ ಕಲರ್? ಗ್ರೀನ್. ಹೇಳು, ಗ್ರೀನ್."

ಅವನ ಕೈ ನಿಂತಿತು. ಕೈಯಲ್ಲಿದ್ದ ಕಾಳನ್ನು ಡಬ್ಬಿಗೆ ಹಾಕಿ ಮುಚ್ಚಳದ ಹತ್ತಿರ ಹೋದ.

ಅಜ್ಜಿ ತಲೆ ಎತ್ತಲಿಲ್ಲ. "ನೀನು ಆಡಿಸ್ತೀಯ ಕಣಮ್ಮ, ಆಡಲ್ಲ" ಅಂದರು.

ತಾಯಿಯ ಮುಖ ಕೆಂಪಾಯಿತು. "ಒಂದು ವರ್ಷ ಏನೂ ಇಲ್ಲ, ಏನೂ ಇಲ್ಲ ಅಂತ ಕೂರಿಸಿದ್ದು ನೀವೇ ಅಲ್ವಾ ಅತ್ತೆ? ಆ ವರ್ಷನ ನಾನು ಎಲ್ಲಿಂದ ತರಲಿ?"

ಈಗ ಅಜ್ಜಿಯ ಕೈಯೂ ನಿಂತಿತು. ಇಬ್ಬರೂ ಹೇಳಿದ್ದು ನಿಜ. ನಾನು ಏನೂ ಹೇಳಲಿಲ್ಲ. ಜಾಣತನದ ಮೌನ ಅಂದುಕೊಳ್ಳಬೇಡಿ, ನನಗೆ ಏನೂ ತೋಚಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾಯಿ ಕಣ್ಣೊರೆಸಿಕೊಂಡು ಚೀಲದಿಂದ ವೇಳಾಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. "ನೀವೇ ಹೇಳಿ ಮೇಡಂ, ಇದರಲ್ಲಿ ಯಾವುದು ಬಿಡಲಿ?" ಅದಕ್ಕೆ ಪಿನ್ ಹೊಡೆದ ಇನ್ನೊಂದು ಹಾಳೆ ಇತ್ತು. ನೋಡಿದರೆ ನನ್ನದೇ. ಹಿಂದಿನ ಭೇಟಿಯಲ್ಲಿ "ಮನೇಲಿ ಮಾಡೋಕೆ ಏನಾದ್ರೂ ಕೊಡಿ" ಅಂತ ಕೇಳಿದ್ದರು. ನಾನು ಎಲ್ಲರಿಗೂ ಕೊಡುವ ಜೆರಾಕ್ಸ್ ಕೊಟ್ಟು ಕಳಿಸಿದ್ದೆ. ಬೆರಳಿಗೂ ಸ್ಪರ್ಶಕ್ಕೂ ಇಪ್ಪತ್ತೆರಡು ಆಟ. ಅವರು ಅದನ್ನು ಇಪ್ಪತ್ತಿಪ್ಪತ್ತು ನಿಮಿಷಕ್ಕೆ ಕತ್ತರಿಸಿ ದಿನಕ್ಕೆ ಹಂಚಿದ್ದರು. ಮಗು ಮುಖ ತಿರುಗಿಸಿದರೆ ನಿಲ್ಲಿಸಿ ಅನ್ನುವ ಒಂದು ಸಾಲೂ ಆ ಹಾಳೆಯಲ್ಲಿರಲಿಲ್ಲ.

ಈ ಪ್ರಕರಣ ನನ್ನನ್ನು ಬಿಡದೆ ಕಾಡಿದ್ದು ಅದಕ್ಕೇ.

ಆಡು, ಆಡಿಸು. ಒಂದು ಪ್ರತ್ಯಯ ಸೇರಿದರೆ ಆಟ ಯಾರದ್ದು ಅನ್ನುವುದೇ ಬದಲಾಗುತ್ತದೆ. ಮಗುವಿಗೆ ಅಂಟು ಮುಟ್ಟಿಸಬೇಕು, ಮಣಿ ಪೋಣಿಸಬೇಕು, ಎಣಿಸಬೇಕು ಅಂತ ನಾವು ಹೊರಟರೆ ಮರಳಿನ ತಟ್ಟೆಯೂ ಹೋಮ್‌ವರ್ಕ್ ಆಗುತ್ತದೆ. ಪುಟ್ಟ ಆ ನೀಲಿ ತಟ್ಟೆ ಕಂಡರೆ ಎರಡೂ ಕೈ ಬಗಲಿಗೆ ಸೇರಿಸುತ್ತಿದ್ದ ಅಂತ ತಾಯಿಯೇ ಹೇಳಿದರು. ಮರಳು ಅವನಿಗೆ ಇಷ್ಟವೇ. ತಟ್ಟೆ ಬಂದ ಕೂಡಲೇ ಪ್ರಶ್ನೆಗಳೂ ಬರುತ್ತವೆ ಅಂತ ಅವನಿಗೆ ಗೊತ್ತಾಗಿತ್ತು.

ಹಾಗಾಗಿ ನಾನು ಕೊಟ್ಟ ಸಲಹೆ ಇಷ್ಟು. ಥೆರಪಿ ಎರಡೂ ಮುಂದುವರಿಯಲಿ. ಮನೆಯ ವೇಳಾಪಟ್ಟಿ ಗೋಡೆಯಿಂದ ಇಳಿಯಲಿ. ದಿನಕ್ಕೆ ಒಂದು ಮನೆಗೆಲಸ, ಹೇಗೂ ಮಾಡಲೇಬೇಕಾದ್ದು, ಅವನ ಪಕ್ಕದಲ್ಲಿ ಕೂತು ಮಾಡಿ. ಬಂದರೆ ಬರಲಿ, ಎದ್ದು ಹೋದರೆ ಹೋಗಲಿ. ಆ ಹೊತ್ತಿನಲ್ಲಿ ಪ್ರಶ್ನೆ ಕೇಳಬೇಡಿ. ಮಾತಾಡಲೇಬೇಕು ಅನಿಸಿದರೆ ಆಗುತ್ತಿರುವುದನ್ನು ಹೇಳಿ: "ಹಾರ್ತು", "ಜಾರ್ತು", "ಒದ್ದೆ". ಸಾಕು. ಕೊನೆಯದನ್ನು ಒಪ್ಪಿಸಲು ತುಂಬ ಹೊತ್ತು ಹಿಡಿಯಿತು. ಪ್ರಶ್ನೆ ಕೇಳದೆ ಮಗುವಿನ ಜೊತೆ ಹತ್ತು ನಿಮಿಷ ಇರುವುದು ಎಷ್ಟು ಕಷ್ಟ ಅಂತ ಬೇಕಾದರೆ ಇವತ್ತು ಸಂಜೆ ನೀವೇ ನೋಡಿ.

ಅಂಟಿನ ವಿಷಯದಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಜೊತೆ ಮಾತಾಡಿಯೇ ಹೇಳಿದೆ. ಒಣದರಿಂದ ಶುರು: ಮೊರದಲ್ಲಿ ರಾಗಿ, ಆಮೇಲೆ ರಾಗಿ ಹಿಟ್ಟು, ಆಮೇಲೆ ಎಣ್ಣೆ ಸವರಿದ ಚಪಾತಿ ಹಿಟ್ಟಿನ ಉಂಡೆ. ನಡುವೆ ಚಮಚವೋ ಸೌಟೋ ಇದ್ದರೆ ಮುಟ್ಟಲು ಆಗದ ಮಗುವೂ ಕಲಸಬಹುದು. ಒರೆಸಿಕೊಳ್ಳಲು ಬಟ್ಟೆ ಕೈಗೆ ಸಿಗುವ ಹಾಗಿರಲಿ. ಒರೆಸಿಕೊಳ್ಳಬಹುದು ಅನ್ನುವ ಧೈರ್ಯ ಇದ್ದರೆ ಮಗು ಇನ್ನೊಮ್ಮೆ ಮುಟ್ಟುತ್ತದೆ. ಪುಟ್ಟನಿಗೆ ಅಜ್ಜಿಯ ಸೆರಗು ಮಾಡಿದ್ದು ಆ ಕೆಲಸ. ಕೈ ಹಿಡಿದು ಹಿಟ್ಟಿನೊಳಗೆ ಒತ್ತುವುದು ಮಾತ್ರ ಯಾವತ್ತೂ ಬೇಡ. ಕೂರುವ ಮೊದಲು ಮೈಗೆ ಕೆಲಸ ಇದ್ದರೆ ಕೆಲವು ಮಕ್ಕಳಿಗೆ ಹಿತ. ಬಕೆಟ್ ತಳ್ಳುವುದು, ಒದ್ದೆ ಬಟ್ಟೆ ಹಿಂಡುವುದು, ತೆಂಗಿನಕಾಯಿ ಹೊತ್ತು ತರುವುದು. ಭುಜ, ಮಣಿಕಟ್ಟು ಗಟ್ಟಿಯಾಗದೆ ಬೆರಳಿಗೆ ಪೆನ್ಸಿಲ್ ತುರುಕಿದರೆ ಏನೂ ಬರುವುದಿಲ್ಲ. ನಾಲ್ಕು ವರ್ಷಕ್ಕೆ ಅಕ್ಷರ ಬರೆಯಬೇಕು ಅನ್ನುವ ಅವಸರ ಆಟಿಸಂ ಇಲ್ಲದ ಮಕ್ಕಳಿಗೂ ಒಳ್ಳೆಯದಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಸಡಿಲ ಬಿಡುವುದಿಲ್ಲ. ಎಲ್ಲವನ್ನೂ ಬಾಯಿಗೆ ಹಾಕುವ ಮಗುವಿಗೆ ಕಾಳು, ಬೀಜ, ಮಣಿ ಬೇಡ. ವಯಸ್ಸು ಎಷ್ಟೇ ಇರಲಿ. ಗಂಟಲಿಗೆ ಸಿಗುತ್ತದೆ, ಮೂಗಿಗೆ ಹೋಗುತ್ತದೆ. ಹಸಿ ಕಾಳನ್ನೂ ಹಸಿ ಹಿಟ್ಟನ್ನೂ ತಿನ್ನಲು ಬಿಡಬಾರದು. ನೀರಲ್ಲಿ ಊದುವ ಬಣ್ಣಬಣ್ಣದ ಜೆಲ್ ಮಣಿಗಳು "ಸೆನ್ಸರಿ ಆಟಿಕೆ" ಅಂತ ಮಾರಾಟಕ್ಕಿವೆ. ನುಂಗಿದರೆ ಹೊಟ್ಟೆಯೊಳಗೂ ಊದಿ ಕರುಳು ಕಟ್ಟುತ್ತವೆ. ಮನೆಗೆ ತರಲೇಬೇಡಿ. ಅಳಗುಳಿ ಮಣೆ ಒಳ್ಳೆಯ ಆಟ. ಹದಿನಾಲ್ಕು ಗುಳಿ, ಒಂದೊಂದಾಗಿ ಬೀಜ ಬಿಡುವುದು, ಸರದಿ ಕಾಯುವುದು, ಎಲ್ಲ ಅದರಲ್ಲಿದೆ. ಆದರೆ ಹುಣಸೆ ಬೀಜ ಸಾಕು. ಚೆಂದ ಕಾಣುತ್ತದೆ ಅಂತ ಗುಲಗಂಜಿ ಹಾಕಬೇಡಿ, ಅದು ವಿಷ. ಏನೇ ಆಡಲಿ, ದೊಡ್ಡವರೊಬ್ಬರು ಪಕ್ಕದಲ್ಲೇ ಇರಬೇಕು. ಮೊಬೈಲ್ ಹಿಡಿದು ಕೂತಿದ್ದರೆ ಪಕ್ಕದಲ್ಲಿ ಇದ್ದ ಹಾಗಲ್ಲ.

ಈ ಸಲಹೆಯ ಬಗ್ಗೆ ಸಹೋದ್ಯೋಗಿಯೊಬ್ಬರು ತಮಾಷೆ ಮಾಡಿದರು. "ಥೆರಪಿ ಬಿಡಿಸಿ ಅವರೆಕಾಳು ಹಿತಕೋಕೆ ಹಚ್ಚಿದ್ರಂತೆ?" ಬಿಡಿಸಲಿಲ್ಲ. ಅಜ್ಜಿಯ ಕಾಲವೇ ಚೆನ್ನಾಗಿತ್ತು ಅಂತಲೂ ನಾನು ಹೇಳುತ್ತಿಲ್ಲ. ಒಂದು ವರ್ಷ ಕಳೆದದ್ದು ಆ ಅಜ್ಜಿಯ ಮಾತಿನಿಂದಲೇ. ಅನುಮಾನ ಬಂದ ದಿನವೇ ತೋರಿಸಬೇಕು. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ದೂರ ಆಗದವರು ಹತ್ತಿರದ ಮಕ್ಕಳ ತಜ್ಞರಿಂದ ಶುರು ಮಾಡಲಿ. ಆದರೆ ಅಲ್ಲಿಂದ ಮನೆಗೆ ಬಂದ ಮೇಲೆ ತಾಯಿ ತಾಯಿಯಾಗಿಯೇ ಇರಲಿ. ಇನ್ನೊಬ್ಬ ಥೆರಪಿಸ್ಟ್ ಆಗುವುದು ಬೇಡ.

ಇನ್ನೂ ಒಂದು ತಕರಾರು: ಇದರಿಂದ ಮಾತು ಬರುತ್ತದಾ? ನಾನು ಹಾಗೆ ಹೇಳಿಲ್ಲ, ಹೇಳುವುದೂ ಇಲ್ಲ. ಸ್ಪರ್ಶ, ತೂಗಾಟ, ಒತ್ತಡ ಇವುಗಳ ಮೂಲಕ ಮಕ್ಕಳಿಗೆ ನೆರವಾಗುವ ಪದ್ಧತಿಯನ್ನು ಅಮೆರಿಕದ ಥೆರಪಿಸ್ಟ್ ಜೀನ್ ಏರ್ಸ್ ಅರ್ಧ ಶತಮಾನದ ಹಿಂದೆಯೇ ರೂಪಿಸಿದರು. ಅದರ ಮೇಲೆ ನನಗೆ ಗೌರವ ಇದೆ. 2012ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಇಂಥ ಚಿಕಿತ್ಸೆಗಳಿಗೆ ಪುರಾವೆ ಇನ್ನೂ ಸಾಲದು, ತಂದೆತಾಯಿಗೆ ಅದನ್ನು ಬಿಡಿಸಿ ಹೇಳಿ ಅಂದಿತು. ಅದೂ ನೆನಪಿರಬೇಕು. ಅವರೆಕಾಳು ಆಟಿಸಂ ವಾಸಿ ಮಾಡುತ್ತದೆ ಅಂತ ನಾಳೆ ಯಾರಾದರೂ ಕಿಟ್ ಕಟ್ಟಿ ಮಾರಿದರೆ ಅದಕ್ಕೆ ನಾನು ಹೊಣೆಯಲ್ಲ. ಆಟದಿಂದ ಬೆರಳು ಪಳಗಬಹುದು. ಮಗುವೂ ತಾಯಿಯೂ ಒಂದೇ ಕಡೆ ನೋಡಿ ನಗಬಹುದು. ಅಷ್ಟಕ್ಕೇ ನಾನು ಸಲಹೆ ಕೊಟ್ಟಿದ್ದು.

ಆ ಇಪ್ಪತ್ತೆರಡು ಆಟದ ಜೆರಾಕ್ಸ್ ಹಂಚುವುದನ್ನು ನಿಲ್ಲಿಸಿದ್ದೇನೆ. ಕೇಳಿದವರಿಗೆ ಈಗ ಒಂದೇ ಪ್ರಶ್ನೆ: ನಿಮ್ಮ ಮನೆಯಲ್ಲಿ ಈ ವಾರ ಏನು ಬಿಡಿಸ್ತಿದೀರಿ, ಏನು ಕುಟ್ತಿದೀರಿ, ಏನು ಒಣಗಿಸ್ತಿದೀರಿ? ಕೆಲವರಿಗೆ ಇದು ಇಷ್ಟವಾಗುವುದಿಲ್ಲ. ದುಡ್ಡು ಕೊಟ್ಟು ಬಂದವರಿಗೆ ಕೈಯಲ್ಲಿ ಒಂದು ಹಾಳೆ ಬೇಕು.

ಪುಟ್ಟನ ತಾಯಿಗೆ ಒಮ್ಮೆಲೇ ನಿದ್ದೆ ಬಂದುಬಿಡಲಿಲ್ಲ. ಇನ್ನೂ ನಾಲ್ಕು ಸಲ ಬಂದರು. ಆ ಕಳೆದ ವರ್ಷದ ವಿಷಯವನ್ನು ಅತ್ತೆ ಸೊಸೆ ಒಮ್ಮೆ ಕೂತು ಮಾತಾಡಿದರಂತೆ. ಏನು ಮಾತಾಡಿದರು ಅಂತ ನಾನು ಕೇಳಲಿಲ್ಲ.

ಫೆಬ್ರವರಿ ಕೊನೆಯಲ್ಲಿ ಫೋನ್ ಬಂತು. "ಮೇಡಂ, ಅವರೆ ಕಾಲ ಮುಗೀತು. ಈಗ ಏನು ಮಾಡಿಸ್ಲಿ?" ಅಂದವರು ತಾವೇ ನಕ್ಕರು. ನನ್ನ ನಾಲಿಗೆ ತುದಿಗೆ ನಾಲ್ಕೈದು ಆಟ ಬಂದಿದ್ದವು. ನುಂಗಿಕೊಂಡು, ಪುಟ್ಟ ಈಗ ಎಲ್ಲಿದ್ದಾನೆ ಅಂತ ಕೇಳಿದೆ.

"ಹಿತ್ತಲಲ್ಲಿ. ಅತ್ತೆ ಹುಣಸೆಹಣ್ಣು ಬಿಡಿಸಿ ಬೀಜ ತೆಗೀತಿದಾರೆ. ಪಕ್ಕದಲ್ಲಿ ಕೂತಿದಾನೆ. ಮುಟ್ಟಲ್ಲ ಮೇಡಂ, ಅಂಟಲ್ವಾ. ಅರ್ಧ ಗಂಟೆಯಿಂದ ಸುಮ್ನೆ ನೋಡ್ತಿದಾನೆ."

"ನೋಡ್ಲಿ ಬಿಡಿ" ಅಂದೆ. "ನೀವೂ ಹೋಗಿ ಕೂತ್ಕೊಳಿ."